ಕೈ ನಿಂತ ಜಾಗದ ಗುರುತು: ಮಾದರಿ ವಾಹನಗಳ ಮೇಲೆ ಬೆಸುಗೆಯ ಗೆರೆ

(ಶಿವಮೊಗ್ಗದಲ್ಲಿ ಮಾದರಿ ತಯಾರಿಕೆಯ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಗೆ ಬರುವ ಮೊದಲು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಅರ್ಧ ಗಂಟೆ ನಿಂತು ಬಂದೆ. ಅಲ್ಲೊಂದು ಟ್ರ್ಯಾಕ್ಟರ್ ಟ್ರೈಲರಿನ ಹಿಂಬಾಗಿಲಿಗೆ ಹೊಸ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಕೂರಿಸುತ್ತಿದ್ದರು. ವೆಲ್ಡರ್ ಮೊದಲು ನಾಲ್ಕು ಕಡೆ ಟ್ಯಾಕ್, ಅಂದರೆ ಸದ್ಯಕ್ಕೆ ಹಿಡಿದಿಡುವ ಚುಕ್ಕೆ ಬೆಸುಗೆ, ಹಾಕಿದರು, ಬಾಗಿಲನ್ನು ಎರಡು ಸಲ ಮುಚ್ಚಿ ತೆಗೆದು ನೋಡಿದರು, ಒಂದು ಮೂಲೆಯನ್ನು ಸುತ್ತಿಗೆಯಿಂದ ತಟ್ಟಿ ಸರಿಮಾಡಿದರು, ಆಮೇಲೆ ರಾಡು (ಕರಗಿ ಬೆಸುಗೆಯಾಗುವ ಕಡ್ಡಿ) ಹೊತ್ತಿಸಿ ಎಡದಿಂದ ಬಲಕ್ಕೆ ಎಳೆಯುತ್ತ ಬಂದರು. ಒಂದು ಗೇಣಿನಷ್ಟು ದೂರ ಬರುವಷ್ಟರಲ್ಲಿ ರಾಡು ಮುಗಿಯಿತು. ಉಳಿದ ತುಂಡನ್ನು ಹೋಲ್ಡರಿನಿಂದ ಉದುರಿಸಿ, ಹೊಸದನ್ನು ಸಿಕ್ಕಿಸಿ, ಗೆರೆ ನಿಂತ ಜಾಗದ ತುಸು ಮುಂದೆ ಹೊತ್ತಿಸಿ, ಹಿಂದಕ್ಕೆ ಬಂದು ಅಲ್ಲಿ ಉಳಿದಿದ್ದ ಕುಳಿಯನ್ನು ತುಂಬಿ, ಮತ್ತೆ ಮುಂದಕ್ಕೆ ಸಾಗಿದರು. ಬೆಸುಗೆಯ ಮೇಲೆ ಹೆಪ್ಪುಗಟ್ಟಿದ ಸ್ಲ್ಯಾಗ್ ಎಂಬ ಕಿಟ್ಟವನ್ನು ಕುಟ್ಟಿ ತೆಗೆದ ಮೇಲೆ ನೋಡಿದರೆ, ಉದ್ದಕ್ಕೂ ಸಮನಾಗಿದ್ದ ಗೆರೆಯ ನಡುವೆ, ರಾಡು ಬದಲಾದ ಜಾಗದಲ್ಲಿ ಮಾತ್ರ ಒಂದು ಸಣ್ಣ ಉಬ್ಬು ಇತ್ತು. ಈ ಸಂಜೆ ನಾನು ನಿಮ್ಮ ಮುಂದೆ ಹೇಳಬೇಕೆಂದಿರುವುದು ಮುಖ್ಯವಾಗಿ ಆ ಉಬ್ಬಿನ ವಿಷಯ.

ನಮ್ಮಲ್ಲಿ ಮಾದರಿ ವಾಹನ ಮಾಡುವವರು ಬೆಸುಗೆಯ ಗೆರೆ ಎಂದ ಕೂಡಲೇ ಯೋಚಿಸುವುದು ಅದರ ಮೇಲಿನ ಸಣ್ಣ ಸಣ್ಣ ಅಲೆಗಳನ್ನು. ಆ ಅಲೆಗಳನ್ನು ಮೂಡಿಸಲು ಬೇಕಾದ ಉಪಕರಣ, ಪುಟ್ಟಿ, ಅಂಟು ಇವುಗಳ ಬಗ್ಗೆಯೇ ಮಾತು ಸಾಗುತ್ತದೆ. ನಾನು ಬಹಳ ವರ್ಷ ಹುಡುಗರಿಗೆ ವೆಲ್ಡಿಂಗ್ ಕಲಿಸಿದವನು, ರಾತ್ರಿ ಊಟವಾದ ಮೇಲೆ ಮಾದರಿ ಮಾಡುತ್ತ ಬಂದವನು. ಎರಡೂ ಕೆಲಸಗಳಿಂದ ನನಗೆ ಮನವರಿಕೆಯಾಗಿರುವುದು ಇಷ್ಟು: ನೋಡುವವರ ಕಣ್ಣು ನಂಬುವುದು ಅಲೆಯನ್ನಲ್ಲ, ಕೈ ಎಲ್ಲಿ ನಿಂತಿತು, ಎಲ್ಲಿಂದ ಮತ್ತೆ ಹೊರಟಿತು ಎಂಬುದರ ಗುರುತನ್ನು. ಆ ಗುರುತು ಇಲ್ಲದ ಗೆರೆ ಎಷ್ಟು ನಾಜೂಕಾಗಿದ್ದರೂ ತಗಡಿನ ಮೇಲೆ ಅಂಟಿಸಿದ ದಾರದ ಹಾಗೆ ಕಾಣುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ನಮ್ಮ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಬಳಸುವುದು 3.15 ಮಿ.ಮೀ. ದಪ್ಪದ ರಾಡು. ಕೈಯನ್ನು ಅಕ್ಕಪಕ್ಕ ಆಡಿಸದೆ ನೇರವಾಗಿ ಎಳೆದರೆ ಗೆರೆಯ ಅಗಲ ರಾಡಿನ ದಪ್ಪದ ಎರಡರಿಂದ ಮೂರು ಪಟ್ಟು, ಅಂದರೆ 6ರಿಂದ 9 ಮಿ.ಮೀ. ಬರುತ್ತದೆ. ಅದನ್ನು 8 ಎಂದು ಹಿಡಿದುಕೊಳ್ಳಿ. 1:24 ಪ್ರಮಾಣದ, ಅಂದರೆ ನಿಜ ವಾಹನದ ಇಪ್ಪತ್ನಾಲ್ಕನೇ ಒಂದು ಭಾಗದ ಅಳತೆಯ ಮಾದರಿಯಲ್ಲಿ ಅದು 0.33 ಮಿ.ಮೀ., 1:35ರಲ್ಲಿ 0.23 ಮಿ.ಮೀ., 1:72ರಲ್ಲಿ 0.11 ಮಿ.ಮೀ. ಆಗುತ್ತದೆ. ಕೊನೆಯದು ಒಂದು ಸಾಧಾರಣ ಬರೆಯುವ ಹಾಳೆಯ ದಪ್ಪ. ಇನ್ನು ಅಲೆಗಳ ಲೆಕ್ಕ. ನಿಜವಾದ ಗೆರೆಯಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ ಒಂದೂವರೆ ಮಿಲಿಮೀಟರ್ ಅಂತರವಿದ್ದರೆ, 1:24ರಲ್ಲಿ ಅದು 0.06 ಮಿ.ಮೀ. ಆಗುತ್ತದೆ. ತೋಳಿನಳತೆಯ ದೂರದಲ್ಲಿ ಹಿಡಿದ ಮಾದರಿಯಲ್ಲಿ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದೇ, ರಾಡು ಬದಲಿಸಿದ ಜಾಗಗಳ ನಡುವಿನ ದೂರವನ್ನು ಒಂದು ಗೇಣು, ಸುಮಾರು 230 ಮಿ.ಮೀ. ಎಂದುಕೊಂಡರೆ, 1:24ರಲ್ಲಿ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್, 1:35ರಲ್ಲಿ ಆರೂವರೆ ಮಿಲಿಮೀಟರ್ ಬರುತ್ತದೆ. ಇದು ಚೆನ್ನಾಗಿಯೇ ಕಾಣುವ ಅಳತೆ. ಪ್ರಮಾಣ ಕುಗ್ಗಿದಂತೆ ಅಲೆ ಮಾಯವಾಗುತ್ತದೆ, ಆದರೆ ಕೈ ನಿಂತ ಜಾಗ ಉಳಿಯುತ್ತದೆ.

ಹಾಗಾದರೆ ಅಲೆಯೇ ಬೇಡವೇ ಎಂದು ನೀವು ಕೇಳಬಹುದು. ಬೇಡ ಎನ್ನುವುದಿಲ್ಲ. ಸ್ವಲ್ಪ ಹಿಗ್ಗಿಸಿಯೇ ತೋರಿಸಬೇಕಾಗುತ್ತದೆ, ಅದು ಎಲ್ಲ ಮಾದರಿಕಾರರೂ ಒಪ್ಪಿಕೊಂಡಿರುವ ಮಾತು. ಆದರೆ ಎಷ್ಟು ಹಿಗ್ಗಿಸಬೇಕು ಎನ್ನುವುದಕ್ಕೆ ಮಿತಿ ಇರಬೇಕು. ನಾನು ಗೆರೆಯ ಅಗಲವನ್ನು ಲೆಕ್ಕಕ್ಕೆ ಬಂದದ್ದರ ಒಂದೂವರೆ ಪಟ್ಟಿಗಿಂತ ಹೆಚ್ಚು ಮಾಡುವುದಿಲ್ಲ. 1:24ರ ಲಾರಿಗೆ ಅರ್ಧ ಮಿಲಿಮೀಟರ್ ಅಗಲದ ಗೆರೆ ಸಾಕು. ಪ್ರದರ್ಶನಗಳಲ್ಲಿ ಒಂದು ಮಿಲಿಮೀಟರ್ ಅಗಲದ ಗೆರೆ ಹೊತ್ತ ಲಾರಿಗಳನ್ನು ನೋಡಿದ್ದೇನೆ. ನಿಜ ಅಳತೆಗೆ ತಂದರೆ ಅದು 24 ಮಿ.ಮೀ., ಅಂದರೆ ಒಂದು ಇಂಚು. ಮೂರು ಮಿಲಿಮೀಟರ್ ದಪ್ಪದ ತಗಡಿಗೆ ಒಂದು ಇಂಚಿನ ಬೆಸುಗೆ ಹಾಕಿದರೆ ತಗಡು ಸುಟ್ಟು ತೂತು ಬೀಳುತ್ತದೆ.

ಈಗ ಅಲೆಯ ದಿಕ್ಕಿನ ವಿಚಾರ. ಇದನ್ನು ತಪ್ಪಾಗಿ ಮಾಡುವವರೇ ಹೆಚ್ಚು. ಕರಗಿದ ಕಬ್ಬಿಣದ ಸಣ್ಣ ಕೊಳ ರಾಡಿನ ಜೊತೆ ಮುಂದೆ ಹೋಗುತ್ತಿರುತ್ತದೆ, ಅದರ ಹಿಂಭಾಗ ದುಂಡಗೆ ಹೆಪ್ಪುಗಟ್ಟುತ್ತ ಬರುತ್ತದೆ. ಹೆಪ್ಪುಗಟ್ಟಿದ ಒಂದೊಂದು ಅಂಚೂ ಒಂದೊಂದು ಅಲೆ. ಆದ್ದರಿಂದ ಅರ್ಧಚಂದ್ರದ ಉಬ್ಬಿದ ಬೆನ್ನು ಯಾವಾಗಲೂ ಗೆರೆ ಶುರುವಾದ ಕಡೆಗಿರುತ್ತದೆ, ತೆರೆದ ಬಾಯಿ ಕೈ ಸಾಗಿದ ಕಡೆಗಿರುತ್ತದೆ. ಮನೆಯಲ್ಲಿ ಕರ್ಜಿಕಾಯಿ ಮಾಡುವಾಗ ಅಂಚು ಮಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ಹೆಬ್ಬೆರಳು ಒಂದು ಮಡಿಕೆಯನ್ನು ಹಿಂದಿನದರ ಮೇಲೆ ಒತ್ತುತ್ತ ಹೋಗುತ್ತದೆ, ಯಾವ ತುದಿಯಿಂದ ಶುರುಮಾಡಿದರು ಎಂಬುದನ್ನು ಮಡಿಕೆ ನೋಡಿಯೇ ಹೇಳಬಹುದು. ಬೆಸುಗೆಯೂ ಹಾಗೆಯೇ. ಒಂದೇ ಗೆರೆಯ ಒಳಗೆ ಅರ್ಧ ದೂರ ಅಲೆಗಳು ಎಡಕ್ಕೂ ಅರ್ಧ ದೂರ ಬಲಕ್ಕೂ ತಿರುಗಿದ್ದರೆ, ವೆಲ್ಡರ್ ಎರಡೂ ತುದಿಯಿಂದ ಬಂದು ನಡುವೆ ಸೇರಿಸಿದ ಎಂದು ಅರ್ಥ. ಹಾಗೆ ಮಾಡುವುದೂ ಉಂಟು, ತಗಡು ಸೊಟ್ಟಗಾಗಬಾರದೆಂದು. ಆದರೆ ಮಾದರಿಯಲ್ಲಿ ಅದು ತಿಳಿದು ಮಾಡಿದ್ದಾಗಿರಬೇಕು.

ಈ ಹಂತದಲ್ಲಿ ನಾನು ಎಂ-ಸೀಲ್ ಎಂಬ ಎಪಾಕ್ಸಿ ಪುಟ್ಟಿಯನ್ನು ಕಲಸಿಡುತ್ತೇನೆ. ಕಲಸಿದ ತಕ್ಷಣ ಅದು ಬೆರಳಿಗೆ ಅಂಟುತ್ತದೆ, ಎಳೆ ತೆಗೆಯಲು ಬರುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ಎರಡು ಭಾಗಗಳನ್ನೂ ಸಮನಾಗಿ ತೆಗೆದುಕೊಳ್ಳಿ, ಬಣ್ಣದ ಗೀರು ಒಂದೂ ಉಳಿಯದಂತೆ ಕಲಸಿ, ಕೈಗೆ ತೆಳುವಾದ ಗವಸು ಹಾಕಿಕೊಳ್ಳಿ. ವಿದೇಶದ ಮಾದರಿಕಾರರು ಮಿಲಿಪುಟ್, ಟಾಮಿಯಾ ಎಪಾಕ್ಸಿ ಪುಟ್ಟಿ ಮುಂತಾದವನ್ನು ಬಳಸುತ್ತಾರೆ. ಅವುಗಳ ಕಣ ಇನ್ನೂ ನಯ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನಮ್ಮೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಎಂ-ಸೀಲ್‌ನ ಸ್ವಲ್ಪ ಒರಟು ಮೈ ರಾಡಿನ ಬೆಸುಗೆಗೆ ಹೊಂದುತ್ತದೆ ಎಂಬುದು ನನ್ನ ಅನುಭವ.

ಅದು ಹದಕ್ಕೆ ಬರುವವರೆಗೆ, ಗೆರೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಮಾತಾಡೋಣ. ವಿಧಾನಕ್ಕಿಂತ ಇದೇ ದೊಡ್ಡದು.

ಹಲವು ವರ್ಷಗಳ ಹಿಂದೆ ನಾನೊಂದು ನಾಟಾ ಲಾರಿ, ಅಂದರೆ ಮರದ ದಿಮ್ಮಿ ಸಾಗಿಸುವ ಲಾರಿ, ಮಾಡಿದೆ. ಮೂರು ತಿಂಗಳ ಕೆಲಸ. ಚಾಸಿಯ ಎರಡು ಉದ್ದ ತೊಲೆಗಳಿಗೆ ಅಡ್ಡ ತೊಲೆಗಳು ಸೇರುವ ಪ್ರತಿಯೊಂದು ಮೂಲೆಯಲ್ಲೂ ಎಷ್ಟು ಶ್ರದ್ಧೆಯಿಂದ ಬೆಸುಗೆಯ ಗೆರೆ ಹಾಕಿದ್ದೆನೆಂದರೆ, ಅದನ್ನು ತಲೆಕೆಳಗು ಮಾಡಿ ತೋರಿಸುವುದೇ ನನಗೆ ಖುಷಿಯಾಗಿತ್ತು. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಡ್ರೈವರ್ ಅದನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ನೋಡಿ, "ಮೇಷ್ಟ್ರೇ, ಈ ಚಾಸಿಗೆ ವೆಲ್ಡಿಂಗ್ ಹೊಡ್ದಿದ್ದು ಯಾರು? ಒಂದು ಟ್ರಿಪ್ ದಿಮ್ಮಿ ಹೇರಿದ್ರೆ ಘಾಟಿ ಇಳಿಯೋದ್ರೊಳಗೆ ಬಿರೀತದೆ" ಎಂದರು. ಅವರು ಹೇಳಿದ್ದು ಸರಿ. ಲಾರಿಯ ಚಾಸಿಯನ್ನು ಜೋಡಿಸುವುದು ರಿವೀಟು ಮತ್ತು ಬೋಲ್ಟಿನಿಂದ. ಭಾರ ಹೊತ್ತ ಲಾರಿ ಹಳ್ಳದಲ್ಲಿ ಇಳಿದಾಗ ಚಾಸಿ ತಿರುಚಿಕೊಳ್ಳಬೇಕು, ಮತ್ತೆ ಮೊದಲಿನಂತಾಗಬೇಕು. ಬೆಸುಗೆ ಹಾಕಿದರೆ ಅದರ ಪಕ್ಕದ ಉಕ್ಕು ಬಿಸಿಗೆ ಗುಣ ಕೆಡಿಸಿಕೊಂಡು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಆ ಲಾರಿಯ ಅಷ್ಟೂ ಗೆರೆಗಳನ್ನು ನಾನು ಕೆರೆದು ತೆಗೆದೆ. ಬೆಸುಗೆಯನ್ನು ಅಲಂಕಾರವೆಂದು ಭಾವಿಸಿದರೆ ಇಂಥ ತಪ್ಪು ಆಗುತ್ತದೆ. ಅದು ಎರಡು ಲೋಹಗಳನ್ನು ಕೂಡಿಸುವ ಕೆಲಸ, ಕೂಡಿಸುವ ಅಗತ್ಯವಿರುವಲ್ಲಿ ಮಾತ್ರ ಇರುತ್ತದೆ.

ಅದೇ ಲಾರಿಯಲ್ಲಿ ಬೆಸುಗೆ ಇರುವ ಜಾಗಗಳೂ ಬೇಕಾದಷ್ಟಿವೆ. ಕಂಪನಿಯಿಂದ ಚಾಸಿ ಬರುತ್ತದೆ, ಮೇಲಿನ ಬಾಡಿಯನ್ನು ನಮ್ಮ ಊರುಗಳಲ್ಲಿ ಕಟ್ಟುತ್ತಾರೆ. ದಿಮ್ಮಿ ಜಾರದಂತೆ ನಿಲ್ಲಿಸಿದ ಗೂಟಗಳ ಬುಡ, ಕ್ಯಾಬಿನ್ ಹಿಂದಿನ ಗಾರ್ಡು, ಮೇಲೆ ಹತ್ತುವ ಏಣಿ, ಮುಂದಿನ ಬಂಪರಿಗೆ ಸೇರಿಸಿದ ಪೈಪು, ಹಗ್ಗ ಕಟ್ಟುವ ಕೊಕ್ಕೆಗಳು, ಇವೆಲ್ಲ ರಾಡಿನ ಕೆಲಸ. ಇಲ್ಲಿ ಗೆರೆಗಳು ಚಿಕ್ಕವು, ಒರಟು, ಒಂದೊಂದು ಕೊಕ್ಕೆಗೂ ಒಂದೊಂದು ರೀತಿ. ತೆಳು ತಗಡಿಗೆ ಬಂದಾಗ ವೆಲ್ಡರ್ ಉದ್ದಕ್ಕೆ ಎಳೆಯುವುದಿಲ್ಲ. ಒಂದು ಇಂಚು ಹಾಕಿ, ಎರಡು ಇಂಚು ಬಿಟ್ಟು, ಮತ್ತೆ ಒಂದು ಇಂಚು ಹಾಕುತ್ತಾನೆ, ಇಲ್ಲದಿದ್ದರೆ ಬಿಸಿಗೆ ತಗಡು ಹಪ್ಪಳದಂತೆ ಅಲೆಯೇಳುತ್ತದೆ. 1:24ರಲ್ಲಿ ಅದು ಒಂದು ಮಿಲಿಮೀಟರಿನ ಗೆರೆ, ಎರಡು ಮಿಲಿಮೀಟರಿನ ಬಿಡುವು. ಹೀಗೆ ಬಿಟ್ಟು ಬಿಟ್ಟು ಹಾಕಿದ ಗೆರೆ ಮಾದರಿಯಲ್ಲಿ ಎಷ್ಟು ಜೀವಂತವಾಗಿ ಕಾಣುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು.

ಜೀಪಿನ ವಿಷಯ ಬೇರೆ. ಅದರ ಬಾಡಿಯ ತಗಡುಗಳನ್ನು ಕಾರ್ಖಾನೆಯಲ್ಲಿ ಕೂಡಿಸುವುದು ಸ್ಪಾಟ್ ವೆಲ್ಡಿಂಗ್‌ನಿಂದ. ಅಂದರೆ ಎರಡು ತಗಡುಗಳನ್ನು ಎರಡು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು ವಿದ್ಯುತ್ ಹರಿಸುತ್ತಾರೆ, ಒತ್ತಿದ ಜಾಗ ಮಾತ್ರ ಕರಗಿ ಕೂಡುತ್ತದೆ. ಅಲ್ಲಿ ಉಬ್ಬಿದ ಗೆರೆ ಇರುವುದಿಲ್ಲ, ಐದಾರು ಮಿಲಿಮೀಟರ್ ಅಗಲದ ತಟ್ಟೆಯಂಥ ತಗ್ಗುಗಳ ಸಾಲು ಇರುತ್ತದೆ. ಮಾದರಿಯಲ್ಲಿ ಕಾಲು ಮಿಲಿಮೀಟರಿನ ಮೊಂಡು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಆದರೆ ಹತ್ತು ಮಳೆಗಾಲ ಕಂಡ ಮಲೆನಾಡಿನ ಜೀಪಿನ ಕೆಳಗೆ ಬಗ್ಗಿ ನೋಡಿ. ಮೆಟ್ಟಿಲಿನ ಬಳಿ, ಮಡ್‌ಗಾರ್ಡಿನ ಒಳಗೆ, ಸೀಟಿನ ಕೆಳಗೆ ತುಕ್ಕು ತಿಂದ ಜಾಗಗಳಿಗೆಲ್ಲ ತೇಪೆ ಹಾಕಿರುತ್ತಾರೆ. ಕಾರ್ಖಾನೆಯ ಸ್ಪಾಟಿನ ಸಾಲಿನ ಪಕ್ಕದಲ್ಲೇ ಗ್ಯಾರೇಜಿನ ರಾಡಿನ ಗೆರೆ, ಕೆಲವು ಕಡೆ ಗ್ಯಾಸ್ ವೆಲ್ಡಿಂಗ್, ಬಿರುಕು ಬಿಟ್ಟ ಮಡ್‌ಗಾರ್ಡಿಗೆ ಹಿತ್ತಾಳೆ ಕರಗಿಸಿ ತುಂಬಿದ ಹಳದಿ ಗೆರೆ. ಈ ಮೂರನ್ನೂ ಒಂದೇ ಮಾದರಿಯಲ್ಲಿ ಬೇರೆ ಬೇರೆಯಾಗಿ ತೋರಿಸಿದವರು ಆ ಜೀಪಿನ ಆಯುಷ್ಯವನ್ನೇ ತೋರಿಸಿದಂತೆ.

ನೀರಿನ ಟ್ಯಾಂಕರ್ ಮಾಡುವವರು ಒಂದು ವಿಷಯ ನೆನಪಿಡಿ. ಉರುಳೆಯನ್ನು ಎರಡು ಮೂರು ಸುತ್ತುಗಳಾಗಿ ಮಾಡಿ ಕೂಡಿಸಿರುತ್ತಾರೆ. ಪ್ರತಿ ಸುತ್ತಿಗೂ ಒಂದು ಉದ್ದ ಗೆರೆ ಇರುತ್ತದೆ, ಚೆನ್ನಾಗಿ ಮಾಡಿದ ಟ್ಯಾಂಕಿನಲ್ಲಿ ಅಕ್ಕಪಕ್ಕದ ಸುತ್ತುಗಳ ಉದ್ದ ಗೆರೆಗಳು ಒಂದೇ ಸಾಲಿಗೆ ಬರುವುದಿಲ್ಲ. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದು ಒಂದರ ಮೇಲೊಂದು ಬರದಂತೆ ನೋಡಿಕೊಳ್ಳುವ ಹಾಗೆ.

ಇನ್ನು ಯುದ್ಧ ಟ್ಯಾಂಕುಗಳು. ಇಲ್ಲಿರುವ ತರುಣರಲ್ಲಿ ಹೆಚ್ಚಿನವರು 1:35ರ ಟ್ಯಾಂಕ್ ಮಾಡುವವರು ಎಂದು ತಿಳಿದಿದೆ. ಬೆಸುಗೆಯನ್ನು ದೊಡ್ಡದಾಗಿ ನೋಡಲು ಟ್ಯಾಂಕಿಗಿಂತ ಒಳ್ಳೆಯ ಪಾಠವಿಲ್ಲ, ಏಕೆಂದರೆ ತಗಡು ದಪ್ಪ, ಒಂದೇ ಎಳೆತದಲ್ಲಿ ತುಂಬುವುದಿಲ್ಲ. ಸೋವಿಯತ್ ಟಿ-34ರ ಒಡಲಿನ ತಗಡು 45 ಮಿ.ಮೀ., ಜರ್ಮನಿಯ ಟೈಗರ್ ಟ್ಯಾಂಕಿನ ಮುಂಭಾಗ 100 ಮಿ.ಮೀ. ಇಂಥ ದಪ್ಪಕ್ಕೆ ಗೆರೆಯ ಮೇಲೆ ಗೆರೆ ಹಾಕಿ ಸಂದನ್ನು ತುಂಬಬೇಕು, ಕೊನೆಯ ಸುತ್ತಿನಲ್ಲಿ ಕೈಯನ್ನು ಅಕ್ಕಪಕ್ಕ ಆಡಿಸುತ್ತ ಅಗಲವಾಗಿ ಮುಚ್ಚಬೇಕು. ಆಗ ಗೆರೆ ಎರಡೂವರೆ ಸೆಂಟಿಮೀಟರ್ ಅಗಲವಾದರೂ ಆದೀತು, 1:35ರಲ್ಲಿ ಅದು 0.7 ಮಿ.ಮೀ. ಅಲೆಗಳೂ ದೂರ ದೂರ ಇರುತ್ತವೆ, ಆದ್ದರಿಂದ ಟ್ಯಾಂಕಿನಲ್ಲಿ ಅಲೆ ತೋರಿಸುವುದು ನ್ಯಾಯವೇ.

ಆದರೆ ಎಲ್ಲ ಟ್ಯಾಂಕಿಗೂ ಅಲ್ಲ. ಟಿ-34ರ ಕಥೆ ಕೇಳಿ. ಯೆವ್ಗೆನಿ ಪಾಟನ್ ಎಂಬ ಎಂಜಿನಿಯರ್ ಕೀವ್ ನಗರದಲ್ಲಿ ಬೆಸುಗೆಯ ಸಂಶೋಧನಾಲಯ ಕಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ಆ ಸಂಸ್ಥೆಯನ್ನು ಯೂರಲ್ ಪರ್ವತದ ಬಳಿಯ ನಿಜ್ನಿ ತಗಿಲ್‌ಗೆ ಸ್ಥಳಾಂತರಿಸಿದರು. ಅಲ್ಲಿ ಅವರು ಟ್ಯಾಂಕಿನ ಒಡಲುಗಳನ್ನು ಯಂತ್ರದಿಂದ ಬೆಸೆಯುವ ವಿಧಾನವನ್ನು ಕಾರ್ಖಾನೆಗೆ ತಂದರು. ಬೆಸುಗೆಯನ್ನು ಗಾಳಿಯಿಂದ ಕಾಯುವ ಫ್ಲಕ್ಸ್ ಪುಡಿಯ ರಾಶಿಯ ಕೆಳಗೆ ಮುಚ್ಚಿಕೊಂಡೇ ವಿದ್ಯುತ್ ಚಾಪ (ಆರ್ಕ್) ಉರಿಯುತ್ತದೆ, ಸುರುಳಿಯಿಂದ ತಂತಿ ತಾನಾಗಿ ಇಳಿಯುತ್ತಿರುತ್ತದೆ. ರಾಡು ಮುಗಿಯುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಆ ಉದ್ದ ಗೆರೆಗಳು ನೇರ, ನಯ, ನಡುವೆ ಎಲ್ಲೂ ನಿಲುಗಡೆಯಿಲ್ಲ. ಯಂತ್ರ ಹೋಗಲಾರದ ಮೂಲೆಗಳಲ್ಲಿ, ಕೊಕ್ಕೆ ಹಿಡಿಕೆಗಳಲ್ಲಿ ಕೈಬೆಸುಗೆಯೇ ಉಳಿಯಿತು. ಒಂದೇ ಟ್ಯಾಂಕಿನ ಮೇಲೆ ಯಂತ್ರದ ಗೆರೆ, ಮನುಷ್ಯನ ಗೆರೆ ಎರಡೂ ಇರುತ್ತವೆ. ಕಿಟ್, ಅಂದರೆ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆ, ತಯಾರಿಸುವವರು ಎಲ್ಲ ಗೆರೆಗಳಿಗೂ ಒಂದೇ ರೀತಿ ಅಲೆ ಕೆತ್ತಿಬಿಟ್ಟರೆ ಈ ವ್ಯತ್ಯಾಸ ಸತ್ತುಹೋಗುತ್ತದೆ. ಅದೇ ಪಾಟನ್ ಅವರು ವಿನ್ಯಾಸ ಮಾಡಿದ, ಪೂರ್ತಿ ಬೆಸುಗೆಯಿಂದಲೇ ಕಟ್ಟಿದ ಒಂದೂವರೆ ಕಿಲೋಮೀಟರ್ ಉದ್ದದ ಸೇತುವೆ 1953ರಲ್ಲಿ ಕೀವ್‌ನಲ್ಲಿ ತೆರೆಯಿತು, ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಇದನ್ನು ಹೇಳಲು ಕಾರಣ, ನಾನು ಕಲಿಸುತ್ತಿದ್ದ ಹುಡುಗರಿಗೆ ರಾಡು ಹಿಡಿಯುವ ಕೆಲಸಕ್ಕೆ ಮರ್ಯಾದೆ ಇಲ್ಲವೆಂಬ ಬೇಸರ ಬಂದಾಗಲೆಲ್ಲ ಈ ಸೇತುವೆಯ ಕಥೆಯನ್ನೇ ಹೇಳುತ್ತಿದ್ದೆ.

ಅಮೆರಿಕದ ಶರ್ಮನ್ ಟ್ಯಾಂಕಿನಲ್ಲಿ ಎಂ4ಎ1 ಎಂಬ ಬಗೆಯ ಮೇಲ್ಭಾಗ ಎರಕದ್ದು, ಮೂಲೆಗಳೆಲ್ಲ ದುಂಡು. ಎಂ4ರಲ್ಲಿ ತಗಡುಗಳನ್ನು ಬೆಸೆದದ್ದು, ಅಂಚು ಚೂಪು. ಎರಕದ ಮೈಮೇಲೆ ಬೆಸುಗೆಯ ಗೆರೆ ಹುಡುಕಬೇಡಿ. ಅದಕ್ಕೂ ಮೊದಲಿನ ಎಂ3 ಲೀ, 1944ರಲ್ಲಿ ಇಂಫಾಲ, ಕೊಹಿಮಾದ ಕಾಳಗದಲ್ಲಿ ನಮ್ಮ ನೆಲದ ಮೇಲೆಯೇ ಓಡಾಡಿದ ಟ್ಯಾಂಕು, ಅದರ ಮೊದಲ ಬಗೆಗಳಲ್ಲಿ ರಿವೀಟುಗಳಿದ್ದವು. ಗುಂಡು ಬಡಿದಾಗ ರಿವೀಟಿನ ತುಂಡು ಒಳಗೆ ಚಿಮ್ಮಿ ಒಳಗಿದ್ದವರಿಗೇ ತಗಲುತ್ತಿತ್ತು. ಟ್ಯಾಂಕು ರಿವೀಟನ್ನು ಬಿಟ್ಟು ಬೆಸುಗೆಗೆ ಬರಲು ಅದೂ ಒಂದು ಕಾರಣ. ಲಾರಿಯ ಚಾಸಿಗೆ ರಿವೀಟೇ ಲೇಸು, ಟ್ಯಾಂಕಿನ ಒಡಲಿಗೆ ಬೆಸುಗೆಯೇ ಲೇಸು. ಟಿ-55 ಮಾಡುವವರು ಗೋಪುರವನ್ನು ನೋಡಿ: ಅದು ಎರಕದ ಗುಮ್ಮಟ, ಆದರೆ ಮೇಲಿನ ಚಾವಣಿಗೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ತಗಡುಗಳನ್ನು ಕೂರಿಸಿ ಬೆಸೆದಿದ್ದಾರೆ. ಗೆರೆ ಇರಬೇಕಾದದ್ದು ಅಲ್ಲಿ.

ಕಿಟ್‌ನಲ್ಲಿ ಇನ್ನೊಂದು ಮೋಸವಿದೆ. ಪ್ಲಾಸ್ಟಿಕ್ ಭಾಗಗಳು ಸೇರುವ ಸಂದು ಅಚ್ಚಿನ ಅನುಕೂಲಕ್ಕೆ ಆದದ್ದು, ನಿಜವಾದ ತಗಡುಗಳು ಸೇರುವ ಸಂದು ಬೇರೆಯೇ ಇರಬಹುದು. ಅಚ್ಚಿನ ಸಂದನ್ನು ಮೊದಲು ತುಂಬಿ, ಉಜ್ಜಿ, ಇಲ್ಲವಾಗಿಸಿ. ನಿಜವಾದ ಸಂದನ್ನು ಚಿತ್ರ ನೋಡಿ ಗುರುತು ಮಾಡಿ, ಆಮೇಲೆ ಗೆರೆ ಹಾಕಿ.

ಎಂ-ಸೀಲ್ ಹದಕ್ಕೆ ಬಂದಿದೆ. ನನ್ನ ಮುಂದಿರುವುದು ಪ್ಲಾಸ್ಟಿಕ್ ಹಾಳೆಯಲ್ಲಿ ಕೈಯಾರೆ ಕತ್ತರಿಸಿ ಮಾಡಿದ 1:24ರ ಟ್ರ್ಯಾಕ್ಟರ್ ಟ್ರೈಲರ್. ನಮ್ಮ ಅಡಿಕೆ, ಭತ್ತ, ಗೊಬ್ಬರ, ಜಲ್ಲಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ವಾಹನ. ಇದನ್ನು ನಾನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ: ಚಾನಲ್, ಆಂಗಲ್, ತಗಡು, ಪಟ್ಟಿಗಳನ್ನು ತಂದು ನಮ್ಮೂರಿನ ವೆಲ್ಡರುಗಳೇ ಕಟ್ಟುವ ವಾಹನವಿದು, ಇದರ ಮೈತುಂಬ ಬೆಸುಗೆ.

ಮೊದಲ ಕೆಲಸ, ಸಂದಿನಲ್ಲಿ ಚಾಕುವಿನ ಬೆನ್ನಿನಿಂದ ಒಂದು ಸಣ್ಣ ಕಾಲುವೆ ತೆಗೆಯುವುದು. ವೆಲ್ಡರ್ ಕೂಡ ದಪ್ಪ ತಗಡಿನ ಅಂಚನ್ನು ಓರೆಯಾಗಿ ಗ್ರೈಂಡ್ ಮಾಡಿಕೊಂಡೇ ಬೆಸೆಯುತ್ತಾನೆ. ಕಾಲುವೆ ಇಲ್ಲದಿದ್ದರೆ ಪುಟ್ಟಿ ಮೇಲೆ ಕುಳಿತಂತೆ ಕಾಣುತ್ತದೆ, ಕಾಲುವೆ ಇದ್ದರೆ ಒಳಗಿನಿಂದ ಉಬ್ಬಿದಂತೆ ಕಾಣುತ್ತದೆ. ಎರಡು ತಗಡು ಮೂಲೆಯಾಗಿ ಸೇರುವಲ್ಲಿ ಇದು ಬೇಕಿಲ್ಲ, ಮೂಲೆಯೇ ಕಾಲುವೆ. ಆಮೇಲೆ ಗಾಜಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಪುಟ್ಟಿಯನ್ನು ಇನ್ನೊಂದು ಗಾಜಿನ ತುಂಡಿನಿಂದ ಹೊಸೆದು ಎಳೆ ಮಾಡಿ. ಬೆರಳಿನಿಂದ ಹೊಸೆದರೆ ಎಳೆ ಸಮನಾಗುವುದಿಲ್ಲ. ಬತ್ತಿ ಹೊಸೆಯುವ ಕೈ ಇದ್ದವರಿಗೆ ಇದು ಬೇಗ ಒಲಿಯುತ್ತದೆ. ಎಳೆ ಅರ್ಧ ಮಿಲಿಮೀಟರಿಗಿಂತ ತುಸು ಸಣ್ಣದಿರಲಿ, ಒತ್ತಿದಾಗ ಅಗಲವಾಗುತ್ತದೆ. ಒದ್ದೆ ಕುಂಚದ ತುದಿಯಿಂದ ಎತ್ತಿ ಸಂದಿನ ಮೇಲೆ ಮಲಗಿಸಿ. ಸುಮಾರು ಒಂದು ಸೆಂಟಿಮೀಟರ್ ಉದ್ದಕ್ಕೆ ಒಂದು ತುಂಡು, ಅದರ ಕೊನೆಯ ಮೇಲೆ ಇನ್ನೊಂದರ ಮೊದಲು ಕೂದಲೆಳೆಯಷ್ಟು ಹತ್ತಬೇಕು. ಉದ್ದ ಎಳೆಯನ್ನು ಒಂದೇ ಸಲ ಮಲಗಿಸಬೇಡಿ. ಅದು ಸುಲಭ, ನೋಡಲೂ ಅಚ್ಚುಕಟ್ಟು, ಆದರೆ ಅಲ್ಲಿ ರಾಡು ಬದಲಾಗಿರುವುದಿಲ್ಲ.

ಅಲೆ ಒತ್ತುವ ಉಪಕರಣ ಇದು. ಔಷಧಿ ಅಂಗಡಿಯಿಂದ ತಂದ, ಯಾರೂ ಬಳಸದ ಹೊಸ ಸಿರಿಂಜಿನ ಸೂಜಿ. ಅದರ ಚೂಪು ತುದಿಯನ್ನು ಸಾಣೆಕಲ್ಲಿಗೆ ತಿಕ್ಕಿ ಮಟ್ಟಸ ಮಾಡಿ, ಆಮೇಲೆ ಕೊಳವೆಯ ಅರ್ಧ ಗೋಡೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದರೆ ತುದಿಯಲ್ಲಿ ಅರ್ಧಚಂದ್ರ ಉಳಿಯುತ್ತದೆ. 26 ಗೇಜಿನ ಸೂಜಿಯ ಹೊರ ವ್ಯಾಸ 0.46 ಮಿ.ಮೀ., 23 ಗೇಜಿನದು 0.64 ಮಿ.ಮೀ. ಲಾರಿಗೆ, ಟ್ರೈಲರಿಗೆ ಮೊದಲನೆಯದು, ಟ್ಯಾಂಕಿಗೆ ಎರಡನೆಯದು. ಸೂಜಿಯನ್ನು ನೀರಿನಲ್ಲಿ ಅದ್ದಿ, ಗೆರೆ ಶುರುವಾದ ಕಡೆಯಿಂದ ಹೊರಟು, ಅರ್ಧಚಂದ್ರದ ಬೆನ್ನು ನಿಮ್ಮ ಹಿಂದಕ್ಕೆ ಇರುವಂತೆ ಓರೆಯಾಗಿ ಹಿಡಿದು, ಒತ್ತುತ್ತ ಹೋಗಿ. ಒತ್ತುವ ಅಂತರ ಎಲ್ಲೆಡೆ ಒಂದೇ ಇರಬಾರದು. ಮನುಷ್ಯ ಉಸಿರು ಬಿಟ್ಟಾಗ ಕೈ ನಿಧಾನವಾಗುತ್ತದೆ, ಆಗ ಅಲೆ ಒತ್ತಾಗುತ್ತದೆ, ಗೆರೆ ಸ್ವಲ್ಪ ಅಗಲವಾಗುತ್ತದೆ. ತುಂಡು ಮುಗಿಯುವ ಜಾಗದಲ್ಲಿ ಮೊಂಡು ತುದಿಯಿಂದ ಒಂದು ಸಣ್ಣ ಕುಳಿ ಮಾಡಿ. ಮುಂದಿನ ತುಂಡು ಅದನ್ನು ಅರ್ಧ ಮುಚ್ಚಲಿ. ಗೆರೆಯ ಕಟ್ಟಕಡೆಯಲ್ಲಿ ಮಾತ್ರ ಕುಳಿ ತೆರೆದೇ ಇರಲಿ, ಏಕೆಂದರೆ ಅದನ್ನು ತುಂಬಲು ಯಾರೂ ಬರುವುದಿಲ್ಲ. ಈ ಕೆಲಸವನ್ನೆಲ್ಲ ಅರ್ಧ ಗಂಟೆಯೊಳಗೆ ಮುಗಿಸಿಬಿಡಿ, ಆಮೇಲೆ ಪುಟ್ಟಿ ಮಾತು ಕೇಳುವುದಿಲ್ಲ.

ಟ್ರೈಲರನ್ನು ಹೀಗೆ ತಿರುಗಿಸಿ ನೋಡಿ. ಮೇಲ್ಭಾಗದ ಗೆರೆಗಳನ್ನು ವೆಲ್ಡರ್ ನಿಂತು, ಕೆಳಗೆ ನೋಡುತ್ತ ಹಾಕಿರುತ್ತಾನೆ, ಅವು ಚಪ್ಪಟೆ, ಸಮ. ಮೂಲೆಯ ಆಂಗಲ್ಲಿನ ನಿಂತ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ, ಕೈ ಆಡಿಸುತ್ತ ಹತ್ತಿಸಿರುತ್ತಾನೆ, ಅದು ಅಗಲ, ಅಲೆಗಳು ಒಂದರ ಮೇಲೊಂದು ಹಂಚು ಹೊದಿಸಿದ ಹಾಗೆ. ಅಡಿಯಲ್ಲಿ, ನೆಲದ ಮೇಲೆ ಮಲಗಿಕೊಂಡು ತಲೆಯ ಮೇಲೆ ಹಾಕಿದ ಗೆರೆ ಎಲ್ಲಕ್ಕಿಂತ ಒರಟು, ಕರಗಿದ ಕಬ್ಬಿಣ ಕೆಳಗೆ ಜೋಲಲು ನೋಡುತ್ತದೆ. ನಾನು ಹುಡುಗರಿಗೆ ಪರೀಕ್ಷೆಗೆ ಮೊದಲು ಕೊಡುತ್ತಿದ್ದ ಅಭ್ಯಾಸವೂ ಈ ಕ್ರಮದಲ್ಲೇ. ಕಿಡಿ ಎದೆಗೆ, ಕುತ್ತಿಗೆಗೆ ಬೀಳುತ್ತಿರುವಾಗ ತಲೆಯ ಮೇಲಿನ ಗೆರೆಯನ್ನು ಯಾರೂ ಸಾವಕಾಶವಾಗಿ ಎಳೆಯಲಾರರು. ಹಾಗಾಗಿ ನನ್ನ ಟ್ರೈಲರಿನ ಅಡಿಯಲ್ಲಿ ತುಂಡುಗಳು ಚಿಕ್ಕವು, ನಿಲುಗಡೆ ಹೆಚ್ಚು.

ಬೇರೆ ವಿಧಾನಗಳನ್ನೂ ಬೇಗ ಹೇಳಿಬಿಡುತ್ತೇನೆ. ಕಿಟ್‌ನ ಸ್ಪ್ರೂ ಕಡ್ಡಿಯನ್ನು (ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿ) ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅದನ್ನು ಸಂದಿಗೆ ಅಂಟಿಸಿ, ನೀರಿನಂಥ ತೆಳು ಪ್ಲಾಸ್ಟಿಕ್ ಅಂಟನ್ನು ಎರಡು ಮೂರು ಸಲ ಸವರಿ ಮೆತ್ತಗಾಗಿಸಿ, ಚಾಕುವಿನ ತುದಿಯಿಂದ ಗೀರಬಹುದು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕರಗಿ ಕೂಡುವುದರಿಂದ ಇದೇ ನಿಜವಾದ ಬೆಸುಗೆಗೆ ಹತ್ತಿರದ್ದು, ಎಂದೂ ಕಳಚುವುದಿಲ್ಲ. ತೆಳು ಗೆರೆಗೆ ಇದು ಉತ್ತಮ. ಇನ್ನೊಂದು, ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವಿನ ಬಿಡುವಿಗೆ ಮಿಸ್ಟರ್ ಸರ್ಫೇಸರ್ 500 ಎಂಬ ಗಟ್ಟಿ ಪ್ರೈಮರನ್ನು ಮೊಂಡು ಕುಂಚದಿಂದ ಕುಟ್ಟಿ, ಪೂರ್ತಿ ಒಣಗುವ ಮೊದಲೇ ಟೇಪ್ ತೆಗೆಯುವುದು. 1:72ರವರಿಗೆ ಇದೇ ಸರಿ. ಕಾದ ಸಾಲ್ಡರಿಂಗ್ ಕಡ್ಡಿಯಿಂದ ನೇರವಾಗಿ ಪ್ಲಾಸ್ಟಿಕ್ಕಿನ ಮೇಲೆ ಗೆರೆ ಎಳೆಯುವವರೂ ಇದ್ದಾರೆ. ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ. ಹೊಗೆ ಕೆಟ್ಟದ್ದು, ಕೈ ಒಂದು ಕ್ಷಣ ತಡವಾದರೆ ತಗಡೇ ಹೋಯಿತು, ತಿದ್ದಲು ಬರುವುದಿಲ್ಲ.

ಕೊನೆಯದಾಗಿ ಬಣ್ಣ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿ ವಾಹನದಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಬೆಸುಗೆಯ ಬಳಿ. ಅದಕ್ಕೆ ಕಾರಣ, ಕುಟ್ಟಿ ತೆಗೆಯದೆ ಉಳಿದ ಸ್ಲ್ಯಾಗಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಸ್ಲ್ಯಾಗ್ ಹೆಚ್ಚಾಗಿ ಉಳಿಯುವುದು ಎಲ್ಲಿ? ಸುತ್ತಿಗೆಯ ಮೊನೆ ತಾಗದ ಮೂಲೆಯಲ್ಲಿ, ರಾಡು ಬದಲಿಸಿದ ಕುಳಿಯಲ್ಲಿ. ಆದ್ದರಿಂದ ಗೆರೆಯುದ್ದಕ್ಕೂ ಕಂದು ಬಣ್ಣ ಬಳಿಯಬೇಡಿ. ಎರಡು ಮೂರು ನಿಲುಗಡೆಗಳನ್ನು ಆರಿಸಿ, ಅಲ್ಲಿ ಮಾತ್ರ ಚುಕ್ಕೆ ಇಟ್ಟು, ತೆಳು ಮಾಡಿದ ಬಣ್ಣವನ್ನು ಒದ್ದೆ ಕುಂಚದಿಂದ ಕೆಳಕ್ಕೆ ಒಂದು ಎಳೆ ಇಳಿಸಿ. ಮಿಕ್ಕ ಗೆರೆಗೆ ವಾಹನದ ಬಣ್ಣವೇ ಇರಲಿ, ಅಂಚಿನಲ್ಲಿ ನೀರಿನಂತೆ ತೆಳು ಮಾಡಿದ ಕಪ್ಪು ಬಣ್ಣ ಸ್ವಲ್ಪ ನಿಂತರೆ ನೆರಳು ತಾನೇ ಕಾಣುತ್ತದೆ.

ಈ ಟ್ರೈಲರಿನ ಹಿಂಬಾಗಿಲಿನ ಕೆಳಗಿನ ಆಂಗಲ್ಲಿಗೆ ನಾನು ಇನ್ನೂ ಗೆರೆ ಹಾಕಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಆರು ಸೆಂಟಿಮೀಟರ್ ಉದ್ದವಿದೆ, ಅಂದರೆ ಆರು ರಾಡಿನ ಕೆಲಸ. ಸೂಜಿಗಳು ಈ ತಟ್ಟೆಯಲ್ಲಿವೆ, ಪುಟ್ಟಿ ಇನ್ನೂ ಹದಿನೈದು ನಿಮಿಷ ಮೆತ್ತಗಿರುತ್ತದೆ. ಒಬ್ಬೊಬ್ಬರಾಗಿ ಬನ್ನಿ, ಪ್ರತಿಯೊಬ್ಬರೂ ಒಂದೊಂದು ತುಂಡು ಹಾಕಿ, ಮುಂದಿನವರು ಹಿಂದಿನವರ ಕುಳಿಯನ್ನು ತುಂಬಿಕೊಂಡು ಹೊರಡಲಿ.